ಮುದ್ದೆ ತೊಳಸಲು ಬಂದರೆ ಇದೂ ಬರುತ್ತದೆ: ಮನೆಯಲ್ಲೇ ಕ್ರೋಕಂಬೂಶ್ ಕಟ್ಟುವ ಬಗೆ

ಕ್ರೋಕಂಬೂಶ್ ಫ್ರಾನ್ಸಿನವರ ಮದುವೆ ಸಿಹಿ. ನಿಂಬೆಹಣ್ಣಿನ ಗಾತ್ರದ ಪಫ್‌ಗಳಿಗೆ ಕ್ರೀಮ್ ತುಂಬಿ, ಒಂದೊಂದನ್ನೂ ಬಿಸಿ ಸಕ್ಕರೆ ಪಾಕದಲ್ಲಿ ಅದ್ದಿ ಅಂಟಿಸುತ್ತಾ ಗೋಪುರದ ಹಾಗೆ ಕಟ್ಟುತ್ತಾರೆ. ಮದುವೆ, ಮಗುವಿನ ಬ್ಯಾಪ್ಟಿಸಂ ಇಂಥ ದಿನಗಳಲ್ಲಿ ಅಲ್ಲಿ ಕೇಕಿನ ಜಾಗದಲ್ಲಿ ಇದು ಕೂರುತ್ತದೆ. ಹೆಸರಿಗೆ 'ಬಾಯಲ್ಲಿ ಕರುಂ ಅನ್ನುವುದು' ಎಂಬ ಅರ್ಥ. ಇದನ್ನು ಹೆಸರುವಾಸಿ ಮಾಡಿದವನು ಅಂತ ಸಾಮಾನ್ಯವಾಗಿ ಹೇಳುವುದು ಕರೇಮ್ ಎಂಬ ಬಾಣಸಿಗನನ್ನು (1784–1833). ಕಟ್ಟಡಗಳ ಚಿತ್ರ ನೋಡಿಕೊಂಡು ಸಕ್ಕರೆಯಲ್ಲಿ ಮಂಟಪ, ಗೋಪುರ ಕಟ್ಟುತ್ತಿದ್ದವನು ಅವನು.

ಮೊದಲೇ ಒಂದು ಮಾತು. ಪಫ್ ಅಂದ ತಕ್ಷಣ ನಮಗೆ ನೆನಪಾಗುವುದು ಅಯ್ಯಂಗಾರ್ ಬೇಕರಿಯ ಪದರ ಪದರದ ವೆಜ್ ಪಫ್, ಎಗ್ ಪಫ್. ಇದು ಅದಲ್ಲ. ಇದರಲ್ಲಿ ಪದರವೇ ಇಲ್ಲ. ಹೊರಗೆ ತೆಳ್ಳಗೆ ಗರಿಗರಿ, ಒಳಗೆ ಪೂರ್ತಿ ಪೊಳ್ಳು, ಒಂದು ರೀತಿಯಲ್ಲಿ ಪಾನಿಪುರಿಯ ಪೂರಿಯ ಹಾಗೆ, ಆದರೆ ಅದಕ್ಕಿಂತ ಮೆದು.

ಮೈಸೂರಿನ ನಮ್ಮ ಮನೆಯಲ್ಲಿ ನಾನು ಮೊದಲ ಸಲ ಈ ಹಿಟ್ಟು ಮಾಡುವಾಗ ಅತ್ತೆ ಪಕ್ಕದಲ್ಲೇ ನಿಂತಿದ್ದರು. ಅವರು ಮಂಡ್ಯ ಕಡೆಯವರು, ದಿನಾ ಮುದ್ದೆ ಮಾಡಿದ ಕೈ. ನಾನು ಕುದಿಯುವ ನೀರಿಗೆ ಮೈದಾ ಸುರಿದು ಪರದಾಡುವುದನ್ನು ಎರಡು ನಿಮಿಷ ನೋಡಿದರು. "ಇದೇನ್ ಮಗ, ಹಿಟ್ಟು ತೊಳಸಿದಂಗೇ ಅಲ್ವಾ? ತತ್ತಾ ಇಲ್ಲಿ" ಅಂತ ಸೌಟು ಕಿತ್ತುಕೊಂಡರು. ಒಂದು ಗಂಟೂ ಇಲ್ಲದೆ ಹಿಟ್ಟು ಒಂದೇ ಉಂಡೆಯಾಗಿ ಪಾತ್ರೆಯಿಂದ ಬಿಟ್ಟುಕೊಂಡಿತು. ಅವತ್ತೇ ನನಗೆ ಅರ್ಥವಾಗಿದ್ದು, ಇದು ಯಾವುದೋ ದೂರದ ಕಷ್ಟದ ವಿದ್ಯೆ ಅಲ್ಲ. ಹಿಟ್ಟು ತೊಳಸುವುದು, ಪಾಕ ಹಿಡಿಯುವುದು, ಈ ಎರಡೇ ಕೆಲಸ. ಎರಡೂ ನಮ್ಮ ಅಡುಗೆಮನೆಯಲ್ಲಿ ಇರುವಂಥವೇ.

ಯಾವಾಗ ಮಾಡಬೇಕು

ಇದನ್ನು ಅಳತೆಗಿಂತ ಮುಂಚೆ ಹೇಳುತ್ತಿದ್ದೇನೆ, ಯಾಕೆಂದರೆ ನನ್ನ ಮೊದಲ ಗೋಪುರ ಬಿದ್ದಿದ್ದು ಅಳತೆ ತಪ್ಪಿ ಅಲ್ಲ, ಹವೆಯಿಂದ. ಆಷಾಢದ ಜಡಿಮಳೆಯ ದಿನ ಕಟ್ಟಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಗಾಜಿನ ಹಾಗೆ ಹೊಳೆಯುತ್ತಿತ್ತು, ಒಂದೂವರೆಗೆ ಪಾಕ ಬೆವರಲು ಶುರುವಾಯಿತು, ಎರಡು ಗಂಟೆ ಹೊತ್ತಿಗೆ ಮೇಲಿನ ನಾಲ್ಕು ಸಾಲು ನಿಧಾನಕ್ಕೆ ಒಂದು ಕಡೆ ಜಾರಿ ತಟ್ಟೆಗೆ ಬಂದು ಕೂತವು. ಗಟ್ಟಿಯಾದ ಸಕ್ಕರೆ ಪಾಕ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಎಳೆದುಕೊಂಡಷ್ಟೂ ಅಂಟಂಟಾಗಿ ಕರಗುತ್ತದೆ. ಎಂಥ ಕೈಚಳಕ ಇದ್ದರೂ ಇದನ್ನು ತಡೆಯಲು ಆಗುವುದಿಲ್ಲ.

ಮೈಸೂರು, ಮಂಡ್ಯದಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಸಂಕ್ರಾಂತಿ ಆಸುಪಾಸಿನ ಒಣ ಹವೆ ಅಂತೂ ಇದಕ್ಕೆ ಹೇಳಿ ಮಾಡಿಸಿದ್ದು. ಬೇರೆ ದಿನಗಳಲ್ಲಿ ಮಾಡಲೇಬೇಕು ಅಂದರೆ ನಾನು ಒಂದು ಹಪ್ಪಳ ಕರಿದು ಅಡುಗೆಮನೆ ಕಟ್ಟೆಯ ಮೇಲೆ ಬಿಡುತ್ತೇನೆ. ಅರ್ಧ ಗಂಟೆ ಆದಮೇಲೂ ಪಟ್ ಅಂತ ಮುರಿದರೆ ಗೋಪುರ ನಿಲ್ಲುತ್ತದೆ. ಮೆತ್ತಗಾಗಿದ್ದರೆ ಅವತ್ತು ಗೋಪುರದ ಆಸೆ ಬಿಡಿ, ಪಫ್‌ಗಳಿಗೆ ಕ್ರೀಮ್ ತುಂಬಿ ಹಾಗೇ ತಟ್ಟೆಯಲ್ಲಿಟ್ಟು ಕೊಡಿ. ಅದೂ ಚೆನ್ನಾಗಿಯೇ ಇರುತ್ತದೆ.

ಅಳತೆ

ಸುಮಾರು 55 ಪಫ್‌ಗಳಿಗೆ, ಅಂದರೆ ಒಂದಡಿಗಿಂತ ಸ್ವಲ್ಪ ಎತ್ತರದ ಗೋಪುರಕ್ಕೆ ಇದು ಲೆಕ್ಕ. ಹದಿನೈದು ಹದಿನೆಂಟು ಜನಕ್ಕೆ ಆರಾಮಾಗಿ ಸಾಕು.

ಹಿಟ್ಟಿಗೆ: ನೀರು 250 ಮಿಲಿ, ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಮೈದಾ 150 ಗ್ರಾಂ, ಮೊಟ್ಟೆ ನಾಲ್ಕು, ಐದನೆಯದು ಪಕ್ಕದಲ್ಲಿ ತಯಾರಿರಲಿ, ಸಕ್ಕರೆ ಒಂದು ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಉಪ್ಪು ಹಾಕಿದ ಬೆಣ್ಣೆಯೇ ಇದ್ದರೆ ಬೇರೆ ಉಪ್ಪು ಬೇಡ. ಕ್ರೀಮಿಗೆ: ಗಟ್ಟಿ ಹಾಲು ಅರ್ಧ ಲೀಟರ್, ಮೊಟ್ಟೆಯ ಹಳದಿ ನಾಲ್ಕು, ಸಕ್ಕರೆ 80 ಗ್ರಾಂ, ಕಾರ್ನ್‌ಫ್ಲೋರ್ 40 ಗ್ರಾಂ, ಬೆಣ್ಣೆ 25 ಗ್ರಾಂ. ಪಾಕಕ್ಕೆ: ಸಕ್ಕರೆ 400 ಗ್ರಾಂ, ನೀರು 120 ಮಿಲಿ, ನಿಂಬೆರಸ ಕೆಲವು ಹನಿ. ತೂಕದ ಯಂತ್ರ ಇಟ್ಟುಕೊಂಡೇ ಮಾಡಿ. ಲೋಟದ ಲೆಕ್ಕದಲ್ಲಿ ಮೈದಾ ಒಂದು ಹಿಡಿ ಹೆಚ್ಚುಕಡಿಮೆಯಾದರೂ ಪಫ್ ಉಬ್ಬುವುದಿಲ್ಲ.

ಮೊಟ್ಟೆ ತಿನ್ನದ ಮನೆಯವರು ಕೇಳುತ್ತಾರೆ, ಅದಿಲ್ಲದೆ ಆಗುವುದಿಲ್ಲವಾ ಅಂತ. ಈ ಅಳತೆಯಲ್ಲಿ ಆಗುವುದಿಲ್ಲ. ಉಬ್ಬಿದ ಪಫ್‌ನ ಗೋಡೆ ಗಟ್ಟಿಯಾಗಿ ನಿಲ್ಲುವುದೇ ಮೊಟ್ಟೆಯಿಂದ. ಕ್ರೀಮನ್ನು ಬೇಕಾದರೆ ಕಸ್ಟರ್ಡ್ ಪೌಡರಿನಲ್ಲಿ ಮಾಡಬಹುದು, ಪಫ್‌ಗೆ ಮೊಟ್ಟೆ ಬೇಕೇ ಬೇಕು. ಹಾಗಾಗಿ ಬಂದವರಿಗೆ ಕೊಡುವ ಮುಂಚೆ ಇದರಲ್ಲಿ ಮೊಟ್ಟೆ ಇದೆ ಅಂತ ಬಾಯಿಬಿಟ್ಟು ಹೇಳಿಬಿಡಿ. ನೋಡಿದರೆ ಗೊತ್ತಾಗುವುದಿಲ್ಲ.

ಹಿಟ್ಟು ತೊಳಸುವುದು

ದಪ್ಪ ತಳದ ಪಾತ್ರೆಯಲ್ಲಿ ನೀರು, ಬೆಣ್ಣೆ, ಉಪ್ಪು, ಸಕ್ಕರೆ ಹಾಕಿ ಒಲೆ ಮೇಲಿಡಿ. ಬೆಣ್ಣೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಹಾಕಿ. ಇಲ್ಲದಿದ್ದರೆ ಬೆಣ್ಣೆ ಕರಗುವಷ್ಟರಲ್ಲಿ ನೀರು ಕುದಿದು ಕಮ್ಮಿಯಾಗುತ್ತದೆ. ಮೈದಾವನ್ನು ಮೊದಲೇ ಜರಡಿ ಹಿಡಿದು ಒಂದು ಕಾಗದದ ಮೇಲೆ ಇಟ್ಟುಕೊಂಡಿರಿ. ನೀರು ಮಧ್ಯದಲ್ಲೂ ಕೊತಕೊತ ಅಂದ ಕೂಡಲೇ ಮೈದಾ ಪೂರ್ತಿ ಒಂದೇ ಸಲ ಸುರಿದು ಉರಿ ಸಣ್ಣ ಮಾಡಿ.

ಮುದ್ದೆಗೆ ಹಿಟ್ಟು ಹಾಕಿ ಸ್ವಲ್ಪ ಹೊತ್ತು ಬೇಯಲು ಬಿಡುತ್ತೇವೆ ಅಲ್ವಾ, ಇಲ್ಲಿ ಹಾಗೆ ಬಿಡಬಾರದು. ಸುರಿದ ತಕ್ಷಣ ತೊಳಸಬೇಕು. ಅಷ್ಟೇ ವ್ಯತ್ಯಾಸ. ಮರದ ಸೌಟು ಅಥವಾ ಮುದ್ದೆ ಕೋಲೇ ತೆಗೆದುಕೊಳ್ಳಿ. ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಿ. ಅರ್ಧ ನಿಮಿಷದಲ್ಲಿ ಹಿಟ್ಟು ಒಂದಾಗುತ್ತದೆ. ಆದರೂ ನಿಲ್ಲಿಸಬೇಡಿ, ಇನ್ನೂ ಎರಡು ಮೂರು ನಿಮಿಷ ಸಣ್ಣ ಉರಿಯಲ್ಲೇ ತೊಳಸುತ್ತಾ ಇರಿ. ತಳದಲ್ಲಿ ತೆಳ್ಳಗೆ ಬಿಳಿ ಪೊರೆ ಹಿಡಿಯುತ್ತದೆ, ಹಿಟ್ಟಿನ ಮೈ ನುಣ್ಣಗೆ ಬೆಣ್ಣೆ ಬೆಣ್ಣೆಯಾಗಿ ಹೊಳೆಯುತ್ತದೆ, ಸೌಟು ನೆಟ್ಟರೆ ಬೀಳುವುದಿಲ್ಲ. ಅದು ಹದ. ಈಗ ಹೆಚ್ಚಿನ ನೀರು ಆವಿಯಾಗಿ ಹೋದಷ್ಟೂ ಮುಂದೆ ಮೊಟ್ಟೆಗೆ ಜಾಗ ಸಿಗುತ್ತದೆ.

ಇಳಿಸಿ ಬೇರೆ ಪಾತ್ರೆಗೆ ಹಾಕಿ ಐದಾರು ನಿಮಿಷ ಆರಲು ಬಿಡಿ. ಬೆರಳಿಟ್ಟರೆ ಬಿಸಿ ಅನ್ನಿಸಬೇಕು, ಆದರೆ ಕೈ ಎಳೆದುಕೊಳ್ಳುವಂತೆ ಇರಬಾರದು. ಸುಡುವ ಹಿಟ್ಟಿಗೆ ಮೊಟ್ಟೆ ಹಾಕಿದರೆ ಅದು ಅಲ್ಲೇ ಬೆಂದು ಬುರ್ಜಿ ಆಗುತ್ತದೆ.

ಮೊಟ್ಟೆ ನಾಲ್ಕನ್ನೂ ಒಂದು ಲೋಟದಲ್ಲಿ ಕದಡಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಸೇರಿಸಿ. ಮೊದಲ ಸಲ ಹಾಕಿದಾಗ ಹಿಟ್ಟು ಜಾರುವ ತುಂಡು ತುಂಡಾಗಿ ಒಡೆದುಹೋಗುತ್ತದೆ, ಎಲ್ಲಾ ಕೆಟ್ಟಿತು ಅನ್ನಿಸುತ್ತದೆ. ಕೆಟ್ಟಿಲ್ಲ. ಹಾಗೇ ಕಲಸುತ್ತಾ ಹೋಗಿ, ಒಂದು ನಿಮಿಷದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಕೂಡಿದ ಮೇಲೆ ಮಾತ್ರ ಮುಂದಿನ ಸುತ್ತು. ನಾಲ್ಕು ಮೊಟ್ಟೆ ಮುಗಿಯುವ ಹೊತ್ತಿಗೆ ಸೌಟು ಎತ್ತಿ ನೋಡಿ. ಹಿಟ್ಟು ಸೌಟಿನ ತುದಿಯಿಂದ ತ್ರಿಕೋನಾಕಾರದ ನಾಲಗೆಯಂತೆ ಇಳಿಬಿದ್ದು, ನಿಧಾನಕ್ಕೆ ಬಿಟ್ಟುಕೊಂಡರೆ ಸರಿ. ದಪ್ಪ ಮುದ್ದೆಯಾಗಿ ದೊಪ್ಪನೆ ಬಿದ್ದರೆ ಐದನೇ ಮೊಟ್ಟೆ ಕದಡಿ ಚಮಚ ಚಮಚವೇ ಸೇರಿಸಿ. ನಮ್ಮಲ್ಲಿ ಸಿಗುವ ಮೊಟ್ಟೆಗಳ ಗಾತ್ರ ಒಂದೇ ಸಮ ಇರುವುದಿಲ್ಲ, ನಾಟಿ ಕೋಳಿ ಮೊಟ್ಟೆ ಇನ್ನೂ ಚಿಕ್ಕದು, ಹಾಗಾಗಿ ಎಣಿಕೆಗಿಂತ ಹದವನ್ನು ನಂಬಿ. ನೀರಾಗಿಬಿಟ್ಟರೆ ಮೈದಾ ಉದುರಿಸಿ ಸರಿಮಾಡಲು ಹೋಗಬೇಡಿ, ಹಸಿ ಮೈದಾ ಕೆಲಸ ಮಾಡುವುದಿಲ್ಲ. ಮೊಟ್ಟೆ ಹಾಕದ ಅರ್ಧ ಅಳತೆ ಹಿಟ್ಟನ್ನು ಮತ್ತೆ ತೊಳಸಿ, ಅದರಲ್ಲಿ ಸ್ವಲ್ಪ ಸ್ವಲ್ಪ ಬೆರೆಸುವುದೊಂದೇ ದಾರಿ.

ಬೇಯಿಸುವುದು

ಬಟರ್ ಪೇಪರಿನ ಮೇಲೆ ನೀರಿನ ಬಾಟಲಿಯ ಮುಚ್ಚಳ ಇಟ್ಟು ಪೆನ್ಸಿಲಿನಲ್ಲಿ ವೃತ್ತ ಬರೆದುಕೊಳ್ಳಿ, ನಡುವೆ ಅಷ್ಟೇ ಜಾಗ ಬಿಡಿ, ಆಮೇಲೆ ಕಾಗದ ಮಗುಚಿ ಹಾಕಿ. ಪಫ್‌ಗಳೆಲ್ಲ ಒಂದೇ ಗಾತ್ರ ಇದ್ದರೆ ಮಾತ್ರ ಗೋಪುರ ನೆಟ್ಟಗೆ ನಿಲ್ಲುತ್ತದೆ. ಪೈಪಿಂಗ್ ಬ್ಯಾಗ್ ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಕವರಿನ ಮೂಲೆಯನ್ನು ಒಂದು ಸೆಂಟಿಮೀಟರ್ ಕತ್ತರಿಸಿದರೆ ಸಾಕು. ನೆಟ್ಟಗೆ ಹಿಡಿದು ಒತ್ತಿ, ವೃತ್ತ ತುಂಬಿದ ಮೇಲೆ ಒತ್ತುವುದು ನಿಲ್ಲಿಸಿ ಎತ್ತಿ. ಮೇಲೆ ನಿಂತ ಚೂಪನ್ನು ಒದ್ದೆ ಬೆರಳಿನಿಂದ ತಟ್ಟಿ ಕೂರಿಸಿ, ಇಲ್ಲದಿದ್ದರೆ ಅದು ಮೊದಲು ಸೀಯುತ್ತದೆ.

ಓಟಿಜಿಯನ್ನು 200 ಡಿಗ್ರಿಗೆ ಹದಿನೈದು ನಿಮಿಷ ಮೊದಲೇ ಕಾಯಿಸಿ. ನಡುವಿನ ಅಟ್ಟದಲ್ಲಿ ಒಂದು ಸಲಕ್ಕೆ ಒಂದೇ ಟ್ರೇ. ಫ್ಯಾನ್ ಇದ್ದರೆ 180 ಸಾಕು. ಹದಿನೈದರಿಂದ ಹದಿನೆಂಟು ನಿಮಿಷ ಆದಮೇಲೆ 170ಕ್ಕೆ ಇಳಿಸಿ ಇನ್ನೊಂದು ಹದಿನೈದು ನಿಮಿಷ. ಉಳಿದ ಹಿಟ್ಟು ಚೀಲದಲ್ಲೇ ಕಾಯಲಿ, ಏನೂ ಆಗುವುದಿಲ್ಲ.

ಈ ಹಿಟ್ಟಿನಲ್ಲಿ ಸೋಡಾ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಉಬ್ಬಿಸುವುದು ಬರೀ ನೀರು. ನೀರು ಆವಿಯಾದರೆ ಸುಮಾರು 1600 ಪಟ್ಟು ಹಿಗ್ಗುತ್ತದೆ. ಆ ಆವಿ ಹಿಟ್ಟನ್ನು ಒಳಗಿನಿಂದ ತಳ್ಳಿ ಬಲೂನಿನ ಹಾಗೆ ಊದಿಸುತ್ತದೆ, ಅಷ್ಟರಲ್ಲಿ ಹೊರಗಿನ ಗೋಡೆ ಬೆಂದು ಗಟ್ಟಿಯಾಗಬೇಕು. ಗೋಡೆ ಗಟ್ಟಿಯಾಗುವ ಮುಂಚೆ ಬಾಗಿಲು ತೆಗೆದರೆ ಒಳಗಿನ ಆವಿ ತಣ್ಣಗಾಗಿ ಎಲ್ಲಾ ಕುಸಿಯುತ್ತದೆ. ಒಮ್ಮೆ ಹನ್ನೆರಡನೇ ನಿಮಿಷಕ್ಕೆ ಬಣ್ಣ ನೋಡೋಣ ಅಂತ ನಾನು ಬಾಗಿಲು ತೆಗೆದೆ, ಇಡೀ ಟ್ರೇ ಕಣ್ಣೆದುರೇ ಚಪ್ಪಟೆಯಾಯಿತು. ಮತ್ತೆ ಉಬ್ಬಲೇ ಇಲ್ಲ. ಮೊದಲ ಇಪ್ಪತ್ತೈದು ನಿಮಿಷ ಗಾಜಿನಿಂದಲೇ ನೋಡಿ. ಮಧ್ಯೆ ಕರೆಂಟ್ ಹೋದರೂ ಬಾಗಿಲು ಮುಟ್ಟಬೇಡಿ, ಒಳಗಿನ ಕಾವು ಐದು ಹತ್ತು ನಿಮಿಷ ಕಾಪಾಡುತ್ತದೆ.

ಬಣ್ಣ ಚೆನ್ನಾಗಿ ಕಂದು ಬರಲಿ. ಹೊಂಬಣ್ಣಕ್ಕೇ ತೆಗೆಯುವುದು ಎಲ್ಲರೂ ಮಾಡುವ ತಪ್ಪು, ಬಿರುಕುಗಳ ಒಳಗೂ ಬಿಳಿ ಉಳಿದಿರಬಾರದು. ಒಂದನ್ನು ಎತ್ತಿ ನೋಡಿದರೆ ಕೈಯಲ್ಲಿ ಏನೂ ಇಲ್ಲದಷ್ಟು ಹಗುರ ಇರಬೇಕು. ತಳಕ್ಕೆ ಉಗುರಿನಿಂದ ತಟ್ಟಿದರೆ ಒಣ ಸೋರೆಬುರುಡೆಯ ಹಾಗೆ ಪೊಳ್ಳು ಸದ್ದು ಬರುತ್ತದೆ. ಆಗ ಪ್ರತಿಯೊಂದರ ತಳಕ್ಕೂ ಒಂದು ತೂತು ಚುಚ್ಚಿ, ಓವನ್ ಆಫ್ ಮಾಡಿ, ಬಾಗಿಲಿಗೆ ಮರದ ಸೌಟು ಅಡ್ಡ ಇಟ್ಟು ಹತ್ತು ನಿಮಿಷ ಒಳಗೇ ಬಿಡಿ. ಒಳಗಿನ ತೇವ ಹೊರಗೆ ಹೋಗುತ್ತದೆ. ಇದನ್ನು ಹಿಂದಿನ ದಿನವೇ ಮಾಡಿ ಡಬ್ಬಿಯಲ್ಲಿಡಬಹುದು. ಮರುದಿನ 150 ಡಿಗ್ರಿಯಲ್ಲಿ ಎಂಟು ನಿಮಿಷ ಬಿಸಿ ಮಾಡಿ ಆರಿಸಿದರೆ ಮತ್ತೆ ಗರಿಗರಿ.

ಕ್ರೀಮ್

ಇದು ಸುಲಭ. ಹಳದಿ, ಸಕ್ಕರೆ, ಕಾರ್ನ್‌ಫ್ಲೋರ್ ಚೆನ್ನಾಗಿ ಕದಡಿ, ಬಿಸಿ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಮತ್ತೆ ಒಲೆಗಿಟ್ಟು ಕೈಯಾಡಿಸಿ. ಗಟ್ಟಿಯಾದ ಕೂಡಲೇ ಇಳಿಸಬೇಡಿ. ಗುಳುಗುಳು ಕುದಿ ಬಂದ ಮೇಲೂ ಒಂದು ನಿಮಿಷ ತಿರುವಲೇಬೇಕು. ಹಸಿ ಹಳದಿಯಲ್ಲಿ ಪಿಷ್ಟವನ್ನು ಕರಗಿಸುವ ಒಂದು ಗುಣ ಇದೆ, ಕುದಿಯದಿದ್ದರೆ ಫ್ರಿಡ್ಜಿನಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಕ್ರೀಮ್ ನೀರಾಗಿರುತ್ತದೆ. ಇಳಿಸಿ ಬೆಣ್ಣೆ ಸೇರಿಸಿ, ಕೆನೆ ಕಟ್ಟದ ಹಾಗೆ ಪ್ಲಾಸ್ಟಿಕ್ ಹಾಳೆಯನ್ನು ಕ್ರೀಮಿನ ಮೈಗೇ ಅಂಟಿಸಿ ಮುಚ್ಚಿ ಫ್ರಿಡ್ಜಿಗೆ ಇಡಿ.

ರುಚಿಗೆ ವೆನಿಲಾ ಹಾಕುವುದು ವಾಡಿಕೆ. ನನಗೆ ಇಷ್ಟ ಆಗಿದ್ದು ಫಿಲ್ಟರ್ ಕಾಫಿಯ ಮೊದಲ ಡಿಕಾಕ್ಷನ್, ಮೂರು ಚಮಚ. ಹೊರಗಿನ ಪಾಕ ಬರೀ ಸಿಹಿ, ಒಳಗೆ ಆ ಕಹಿ ಇದ್ದರೆ ಎರಡನೆಯದಕ್ಕೂ ಕೈ ಹೋಗುತ್ತದೆ. ಏಲಕ್ಕಿಯೂ ಹೊಂದುತ್ತದೆ, ಆದರೆ ಜಾಸ್ತಿ ಆದರೆ ಪಾಯಸದ ಹಾಗಾಗುತ್ತದೆ.

ಪಾಕ

ಕ್ರೀಮನ್ನು ಬಡಿಸುವ ದಿನ, ಪಾಕ ಇಡುವ ಸ್ವಲ್ಪ ಮುಂಚೆ, ತಳದ ತೂತಿನಿಂದ ತುಂಬಿ ಇಟ್ಟುಕೊಳ್ಳಿ. ಹೊರಗೆ ಹತ್ತಿದ್ದನ್ನು ಒರೆಸಿ, ಒದ್ದೆ ಮೈಗೆ ಪಾಕ ಹಿಡಿಯುವುದಿಲ್ಲ.

ಮೈಸೂರ್ ಪಾಕಿಗೆ ನಾವು ಹಿಡಿಯುವ ಒಂದೆಳೆ ಪಾಕ ಸುಮಾರು 105 ಡಿಗ್ರಿ. ಇಲ್ಲಿ ಅದನ್ನೂ ದಾಟಿ, ಚಿಕ್ಕಿಯ ಗಟ್ಟಿ ಪಾಕವನ್ನೂ ದಾಟಿ, 165–170 ಡಿಗ್ರಿ ತನಕ ಹೋಗಬೇಕು. ಇದರ ಬಿಸಿಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎಣ್ಣೆ ಸಿಡಿದರೆ ಜಾರಿ ಹೋಗುತ್ತದೆ, ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಪಕ್ಕದಲ್ಲಿ ಅಗಲವಾದ ಪಾತ್ರೆಯಲ್ಲಿ ತಣ್ಣೀರು ಇರಲಿ, ತಗುಲಿದರೆ ತಕ್ಷಣ ಕೈ ಮುಳುಗಿಸಿ. ಮಕ್ಕಳು ಅಡುಗೆಮನೆಗೆ ಬರುವುದು ಬೇಡ.

200 ಗ್ರಾಂ ಸಕ್ಕರೆ, 60 ಮಿಲಿ ನೀರು, ಎರಡು ಮೂರು ಹನಿ ನಿಂಬೆರಸ, ಹೀಗೆ ಎರಡು ಕಂತಿನಲ್ಲಿ ಮಾಡಿ. ಒಂದೇ ಸಲ ಮಾಡಿದರೆ ಕಟ್ಟುವಷ್ಟರಲ್ಲಿ ಗಟ್ಟಿಯಾಗುತ್ತದೆ. ಬೆಳ್ಳಗಿನ, ಕಸವಿಲ್ಲದ ಸಕ್ಕರೆ ಇರಲಿ. ಸಕ್ಕರೆ ನೆನೆಯುವಷ್ಟು ಕಲಕಿ, ಒಲೆ ಹೊತ್ತಿಸಿದ ಮೇಲೆ ಸೌಟು ಮುಟ್ಟಬಾರದು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವಾಗ ಪಾಕವನ್ನು ಉಜ್ಜಿ ಉಜ್ಜಿ ಬೆಳ್ಳಗೆ ಹರಳುಗಟ್ಟಿಸುತ್ತೇವೆ ಅಲ್ವಾ, ಇಲ್ಲಿ ನಮಗೆ ಬೇಡವಾದದ್ದೇ ಅದು. ಪಾತ್ರೆಯ ಗೋಡೆಗೆ ಹತ್ತಿದ ಸಕ್ಕರೆಯನ್ನು ಒದ್ದೆ ಬ್ರಷ್‌ನಿಂದ ಇಳಿಸಿ. ನಿಂಬೆರಸವೂ ಹರಳು ತಡೆಯುವುದಕ್ಕೇ, ಆದರೆ ಜಾಸ್ತಿ ಹಾಕಿದರೆ ಪಾಕ ಬೇಗ ತೇವ ಎಳೆದುಕೊಳ್ಳುತ್ತದೆ.

ಮೊದಲು ದೊಡ್ಡ ಗುಳ್ಳೆ, ಆಮೇಲೆ ಸಣ್ಣ ಮಂದ ಗುಳ್ಳೆ, ಆಮೇಲೆ ಒಂದು ಮೂಲೆಯಲ್ಲಿ ಬಣ್ಣ ತಿರುಗುತ್ತದೆ. ಪಾತ್ರೆಯನ್ನು ಹಾಗೇ ಓಲಾಡಿಸಿ ಬಣ್ಣ ಒಂದು ಸಮ ಮಾಡಿ. ತಿಳಿ ಜೇನಿನ ಬಣ್ಣ ಬಂದ ಕೂಡಲೇ ಇಳಿಸಿ ತಳವನ್ನು ಐದು ಸೆಕೆಂಡ್ ತಣ್ಣೀರಿಗೆ ತಾಗಿಸಿ. ಇಳಿಸಿದ ಮೇಲೂ ಅದು ಬೇಯುತ್ತಿರುತ್ತದೆ. ಡಿಕಾಕ್ಷನ್ ಬಣ್ಣಕ್ಕೆ ಹೋದರೆ ಕಹಿ, ಮತ್ತೆ ಮಾಡಬೇಕು.

ಕಟ್ಟುವುದು

ಮೊದಲು ಎಲ್ಲಾ ಪಫ್‌ಗಳ ನೆತ್ತಿಯನ್ನು ಪಾಕದಲ್ಲಿ ಅದ್ದಿ ತಟ್ಟೆಯಲ್ಲಿಡಿ, ಆ ಹೊಳಪು ಹೊರಗೆ ಕಾಣಬೇಕು. ಎರಡನೇ ಕಂತಿನ ಪಾಕ ಅಂಟಿಸಲು. ದಪ್ಪ ಚಾರ್ಟ್ ಪೇಪರಿನಲ್ಲಿ ತಳ 9–10 ಸೆಂಟಿಮೀಟರ್, ಎತ್ತರ 28 ಸೆಂಟಿಮೀಟರ್ ಇರುವ ಕೋನ್ ಮಾಡಿ ಬಟರ್ ಪೇಪರ್ ಸುತ್ತಿ. ಕಡಲೆಕಾಯಿ ಪೊಟ್ಟಣದ ಆಕಾರವೇ, ಮಗುಚಿ ಇಟ್ಟ ಹಾಗೆ. ಬಡಿಸುವ ತಟ್ಟೆಯ ಮೇಲೇ ಕಟ್ಟಿ, ಆಮೇಲೆ ಎತ್ತಿ ಇಡಲು ಆಗುವುದಿಲ್ಲ.

ತಳದ ಸಾಲಿಗೆ ದೊಡ್ಡ ಪಫ್‌ಗಳನ್ನು ಆರಿಸಿ. ಹತ್ತು ಹಿಡಿಯುತ್ತವೆ. ಪ್ರತಿಯೊಂದರ ಪಕ್ಕಕ್ಕೂ ತಳಕ್ಕೂ ಪಾಕ ತಾಗಿಸಿ, ಪಕ್ಕದವನಿಗೆ ಒತ್ತಿ, ಹತ್ತು ಎಣಿಸುವ ತನಕ ಹಿಡಿಯಿರಿ. ಮುಂದೆ ಒಂಬತ್ತು, ಎಂಟು, ಏಳು, ಹೀಗೆ ಇಳಿಯುತ್ತಾ ಕೊನೆಗೆ ಮೂರು, ನೆತ್ತಿಗೆ ಒಂದು. ಮೇಲಿನ ಸಾಲಿನ ಪಫ್ ಕೆಳಗಿನ ಎರಡರ ಸಂದಿನಲ್ಲಿ ಕೂರಬೇಕು, ಇಟ್ಟಿಗೆ ಗೋಡೆಯ ಹಾಗೆ. ಪಾಕ ಅಂಟಬೇಕಾದ್ದು ಪಫ್‌ನಿಂದ ಪಫ್‌ಗೆ, ಕೋನ್‌ಗೆ ಅಲ್ಲ. ಪ್ರತಿ ಎರಡು ಸಾಲಿಗೊಮ್ಮೆ ಹಿಂದೆ ಸರಿದು ದೂರದಿಂದ ನೋಡಿ, ವಾಲಿದ್ದರೆ ಆಗಲೇ ಗೊತ್ತಾಗುತ್ತದೆ. ಪಾಕ ಮಂದವಾದರೆ ಸಣ್ಣ ಉರಿಯಲ್ಲಿ ಒಂದು ನಿಮಿಷ ಬಿಸಿ ಮಾಡಿ. ಮೊದಲ ಸಲ ಕೋನ್ ಒಳಗೇ ಇರಲಿ, ಕೈ ಪಳಗಿದ ಮೇಲೆ ತೆಗೆಯಬಹುದು.

ಉಳಿದ ಪಾಕ ನೂಲಿನ ಹಾಗೆ ಇಳಿಯುವ ಹದಕ್ಕೆ ಬಂದಾಗ ಎರಡು ಫೋರ್ಕ್ ಅದ್ದಿ ಗೋಪುರದ ಸುತ್ತ ಬೀಸುತ್ತಾ ಹೋಗಿ. ಬೊಂಬಾಯಿ ಮಿಠಾಯಿಯ ಎಳೆಗಳ ಹಾಗೆ ಚಿನ್ನದ ನೂಲು ಸುತ್ತಿಕೊಳ್ಳುತ್ತದೆ. ಫ್ರಾನ್ಸಿನಲ್ಲಿ ಸಕ್ಕರೆ ಲೇಪದ ಬಾದಾಮಿ ಅಂಟಿಸುವುದು ರೂಢಿ. ನಾವು ಎಳ್ಳುಬೆಲ್ಲಕ್ಕೆ ಹಾಕುವ ಬಣ್ಣದ ಜೀರಿಗೆ ಪೆಪ್ಪರಮಿಂಟ್ ಅಂಟಿಸಿದೆವು, ನೋಡಲು ತುಂಬಾ ಚೆಂದ ಇತ್ತು.

ಕಟ್ಟಿದ ಎರಡು ಗಂಟೆಯೊಳಗೆ ತಿನ್ನಬೇಕು. ಫ್ರಿಡ್ಜಿನಲ್ಲಿ ಇಡಬೇಡಿ, ಅಲ್ಲಿಯ ತೇವಕ್ಕೆ ಪಾಕ ಕರಗುತ್ತದೆ. ಕತ್ತರಿಸುವುದಿಲ್ಲ, ಮೇಲಿನಿಂದ ಒಂದೊಂದಾಗಿ ಬಿಡಿಸಿ ಕೊಡುವುದು. ಬಿಡದಿದ್ದರೆ ಸಂದಿಗೆ ಚಮಚದ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಪಟ್ ಅಂತ ಬಿಟ್ಟುಕೊಳ್ಳುತ್ತದೆ. ಮೊನ್ನೆ ಜನವರಿಯಲ್ಲಿ ಕಟ್ಟಿದಾಗ ನೆತ್ತಿಯ ಮೊದಲ ಪಫ್ ಅತ್ತೆಗೇ ಕೊಟ್ಟೆ.

ಉಳಿದ ನಾಲ್ಕು ಬಿಳಿ ಲೋಳೆ ಮರುದಿನದ ಆಮ್ಲೆಟ್‌ಗೆ ಆಗುತ್ತದೆ. ಪಾತ್ರೆಗೆ ಗಟ್ಟಿಯಾಗಿ ಹಿಡಿದ ಪಾಕವನ್ನು ಕೆರೆದು ಕಷ್ಟಪಡಬೇಡಿ. ನೀರು ತುಂಬಿ, ಸೌಟು ಫೋರ್ಕ್ ಎಲ್ಲಾ ಅದರಲ್ಲೇ ಹಾಕಿ ಹತ್ತು ನಿಮಿಷ ಕುದಿಸಿದರೆ ಪೂರ್ತಿ ಕರಗಿ ಹೋಗುತ್ತದೆ.